ಚಿಲಕದ ಮೇಲೆ ಬಡಿದ ಮಾತು
(ಓದುಗರ ಪ್ರಶ್ನೆ, ನಮ್ಮ ಉತ್ತರ: ಒಡವೆ ವಿಭಾಗ)

ಪ್ರಶ್ನೆ: ನನ್ನ ತಂದೆಯವರು ತಂತಿ ಕಚೇರಿಯಲ್ಲಿ ಟೆಲಿಗ್ರಾಫಿಸ್ಟ್ ಆಗಿದ್ದರು. ರಾತ್ರಿ ಪಾಳಿ ಮುಗಿಸಿ ನಸುಕಿನಲ್ಲಿ ಮನೆಗೆ ಬಂದಾಗ ಅವರು ಬಾಗಿಲು ತಟ್ಟುತ್ತಿರಲಿಲ್ಲ, ಹೆಸರು ಹಿಡಿದು ಕೂಗುತ್ತಲೂ ಇರಲಿಲ್ಲ. ಹೊರಗಿನ ಕಬ್ಬಿಣದ ಚಿಲಕವನ್ನು ಎತ್ತಿ ಇಳಿಸಿ, ತಂತಿಯವರು ಬಳಸುವ ಚುಕ್ಕೆ ಗೆರೆಗಳ ಮೋರ್ಸ್ ಸಂಕೇತದಲ್ಲಿ ‘ಬಂದೆ’ ಎಂದು ಬಡಿಯುತ್ತಿದ್ದರು. ಮಕ್ಕಳಾದ ನಮಗೆ ಅದರಿಂದ ಎಚ್ಚರವಾಗುತ್ತಿರಲಿಲ್ಲ. ಅವ್ವ ಮಾತ್ರ ಎದ್ದು ಹೋಗಿ ಬಾಗಿಲು ತೆಗೆಯುತ್ತಿದ್ದಳು. ಅಪ್ಪಾಜಿ ತೀರಿಕೊಂಡು ಎರಡು ವರ್ಷವಾಯಿತು. ಅವರ ಹಳೆಯ ಡೈರಿಯ ಕೊನೆಯ ಪುಟದಲ್ಲಿ ನನಗೆ ಕಲಿಸಲೆಂದು ಬರೆದಿದ್ದ ಆ ಸಂಕೇತ ಈಚೆಗೆ ಸಿಕ್ಕಿತು. ಅದನ್ನೇ ಗುಂಡುಗಳಲ್ಲಿ ಪೋಣಿಸಿದ ಒಂದು ಸರವನ್ನು ಅವ್ವನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಮಾಡಿಸಿಕೊಡಬೇಕೆಂದಿದ್ದೇನೆ. ಪೊರೆಯ ಆಪರೇಷನ್ ಆದ ಮೇಲೂ ಅವಳಿಗೆ ದೃಷ್ಟಿ ಮಂದವಾಗಿಯೇ ಇದೆ. ಅಪ್ಪಾಜಿಯವರ ಉಂಗುರವನ್ನು ಕರಗಿಸಿ ಗುಂಡು ಮಾಡಿಸಬಹುದೆ? ಅಕ್ಕಸಾಲಿಗೆ ಇದನ್ನು ಹೇಗೆ ವಿವರಿಸಬೇಕು? ಒಳಗಿನ ಮಾತನ್ನು ಅವ್ವನಿಗೆ ಹೇಳಿಯೇ ಕೊಡಬೇಕೆ? ಇನ್ನೊಂದು ವಿಷಯವೆಂದರೆ, ‘ಈ ವಯಸ್ಸಿನಲ್ಲಿ, ಅದರಲ್ಲೂ ಮಾವನವರು ಹೋದ ಮೇಲೆ ಅತ್ತೆಗೆ ಹೊಸ ಒಡವೆ ಏಕೆ, ನೋಡಿದವರು ಏನೆಂದಾರು’ ಎಂದು ಅತ್ತಿಗೆ ಕೇಳುತ್ತಿದ್ದಾರೆ.
ಓದುಗರು, ಚಿತ್ರದುರ್ಗ

ಉತ್ತರ: ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಇತ್ಯರ್ಥವಾಗದೆ ಉಳಿದ ಮಾತುಗಳಿಗೆ ಅರ್ಥವಿಲ್ಲ. ನಿಮ್ಮ ತಾಯಿ ಸರವನ್ನು ಧರಿಸಬೇಕೆ ಬೇಡವೆ ಎಂಬುದನ್ನು ನಿರ್ಧರಿಸಬೇಕಾದವರು ನಿಮ್ಮ ತಾಯಿಯೇ ಹೊರತು ನಿಮ್ಮ ಅತ್ತಿಗೆಯೂ ಅಲ್ಲ, ನೋಡಿದವರೂ ಅಲ್ಲ. ಗಂಡ ಹೋದ ಮೇಲೆ ಹೆಣ್ಣಿನ ಕೊರಳು ಬರಿದಾಗಿರಬೇಕೆಂಬ ಕಟ್ಟುಪಾಡನ್ನು ನಮ್ಮ ಸೀಮೆಯ ಎಷ್ಟೋ ಮನೆಗಳು ಕೈಬಿಟ್ಟಿವೆ. ಬಿಟ್ಟದ್ದರಿಂದ ಯಾರಿಗೂ ಕೇಡಾಗಿಲ್ಲ. ಅತ್ತಿಗೆಯವರೊಂದಿಗೆ ಜಗಳಕ್ಕೆ ಹೋಗಬೇಡಿ. ಡೈರಿಯ ಆ ಪುಟವನ್ನು ಅವರಿಗೂ ತೋರಿಸಿ, ಚಿಲಕದ ಕಥೆಯನ್ನು ಹೇಳಿ. ಮದುವೆಯಾಗಿ ಆ ಮನೆಗೆ ಬಂದವರು ಅದನ್ನು ಕೇಳಿರಲಿಕ್ಕಿಲ್ಲ. ಕರಿಮಣಿಯನ್ನು ಮಾತ್ರ ಈ ಸರದಲ್ಲಿ ಬೆರೆಸಬೇಡಿ. ಅದು ತಾಳಿಯೊಂದಿಗೆ ಸೇರಿದ ಮಣಿಯಾದ್ದರಿಂದ, ತೆಗೆದಿಟ್ಟದ್ದನ್ನು ಬೇರೊಂದು ರೂಪದಲ್ಲಿ ಮರಳಿ ಕೊಟ್ಟಂತಾಗಿ ಅವರ ಮನಸ್ಸಿಗೆ ಇರಿಸುಮುರಿಸಾಗಬಹುದು.

ಇನ್ನು ಸಂಕೇತದ ವಿಷಯ. ಅಂತರರಾಷ್ಟ್ರೀಯ ಮೋರ್ಸ್ ಪಟ್ಟಿಯಲ್ಲಿ ಕನ್ನಡ ಅಕ್ಷರಗಳಿಲ್ಲ. ಆದ್ದರಿಂದ ನಿಮ್ಮ ತಂದೆ ‘ಬಂದೆ’ಯನ್ನು ಇಂಗ್ಲಿಷಿನ ಬಿ, ಎ, ಎನ್, ಡಿ, ಇ ಎಂಬ ಐದು ಅಕ್ಷರಗಳಲ್ಲಿ ಬರೆದಿದ್ದಾರೆ. ನೀವು ಕಳುಹಿಸಿದ ಗುರುತುಗಳನ್ನು ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಿದ್ದೇನೆ, ಎಲ್ಲವೂ ಸರಿಯಾಗಿವೆ. ಬಿ ಎಂದರೆ ಗೆರೆ, ಚುಕ್ಕೆ, ಚುಕ್ಕೆ, ಚುಕ್ಕೆ. ಎ ಎಂದರೆ ಚುಕ್ಕೆ, ಗೆರೆ. ಎನ್ ಎಂದರೆ ಗೆರೆ, ಚುಕ್ಕೆ. ಡಿ ಎಂದರೆ ಗೆರೆ, ಚುಕ್ಕೆ, ಚುಕ್ಕೆ. ಇ ಎಂದರೆ ಒಂದೇ ಚುಕ್ಕೆ. ಒಟ್ಟು 8 ಚುಕ್ಕೆ, 4 ಗೆರೆ. ಚುಕ್ಕೆಗೆ ದುಂಡನೆಯ ಗುಂಡು, ಗೆರೆಗೆ ಅದರ ಮೂರರಷ್ಟು ಉದ್ದದ ಕೊಳವೆ ಮಣಿ ಎಂದು ಇಟ್ಟುಕೊಳ್ಳಿ, ಏಕೆಂದರೆ ಮೋರ್ಸ್‌ನಲ್ಲಿ ಗೆರೆಯ ಕಾಲ ಚುಕ್ಕೆಯ ಕಾಲದ ಮೂರರಷ್ಟು. ಗುಂಡು 3 ಮಿಲಿಮೀಟರ್ ಆದರೆ ಕೊಳವೆ 9 ಮಿಲಿಮೀಟರ್.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದುದು ಅಕ್ಷರ ಅಕ್ಷರಗಳ ನಡುವಿನ ಖಾಲಿ ಜಾಗಕ್ಕೆ. ಇಂತಹ ಒಡವೆಗಳು ಕೆಡುವುದು ಅಲ್ಲಿಯೇ. ನಿಮ್ಮ 12 ಗುರುತುಗಳನ್ನು ಅಂತರವಿಲ್ಲದೆ ಒಂದೇ ಸಾಲಾಗಿ ಪೋಣಿಸಿದರೆ, ಮೋರ್ಸ್ ಬಲ್ಲವರು ಮೊದಲ ಐದನ್ನು 6 ಎಂಬ ಅಂಕಿಯಾಗಿ, ಮುಂದಿನ ಮೂರನ್ನು ಜಿ ಆಗಿ, ಉಳಿದ ನಾಲ್ಕನ್ನು ಬಿ ಆಗಿ ಓದಬಹುದು. ಅದೂ ತಪ್ಪಲ್ಲದ ಓದೇ. ‘ಬಂದೆ’ ಎಂದು ನಿಮ್ಮ ತಂದೆ ಬಡಿದದ್ದು ‘6 ಜಿಬಿ’ ಎಂಬ ಮೊಬೈಲ್ ಮೆಮೊರಿಯ ಅಳತೆಯಾಗಿ ಹೋಗುತ್ತದೆ. ಅಕ್ಷರಗಳ ನಡುವೆ ಮೂರು ಚುಕ್ಕೆಯಷ್ಟು, ಅಂದರೆ 9 ಮಿಲಿಮೀಟರ್ ಬರಿಯ ಸರಪಳಿಯನ್ನು ಬಿಡಿಸಿ. ಒಂದೇ ಅಕ್ಷರದೊಳಗಿನ ಮಣಿಗಳು ಒಂದಕ್ಕೊಂದು ತಾಗಿಕೊಂಡಿರಲಿ, ತೊಂದರೆಯಿಲ್ಲ. ಹೀಗೆ ಮಾಡಿದರೆ ಮಾತಿನ ಭಾಗ ಹತ್ತು ಸೆಂಟಿಮೀಟರ್‌ಗೆ ತುಸು ಕಡಿಮೆಯಾಗಿ, ಕೊರಳ ಮುಂಭಾಗದಲ್ಲಿ ಸರಿಯಾಗಿ ಕೂರುತ್ತದೆ. ಅಂತರದ ಜಾಗದಲ್ಲಿ ಹವಳವನ್ನೋ ಮುತ್ತನ್ನೋ ಇಡಿಸಬೇಕೆಂದು ನಿಮಗೆ ಅನ್ನಿಸಬಹುದು, ಕಣ್ಣಿಗೆ ಅದು ಚೆನ್ನಾಗಿಯೂ ಕಾಣುತ್ತದೆ. ಆದರೆ ನಿಮ್ಮ ತಾಯಿ ಈ ಸರವನ್ನು ಓದುವುದಾದರೆ ಬೆರಳಿನಿಂದ ಓದುತ್ತಾರೆ. ಬೆರಳಿಗೆ ಹವಳವೂ ಗುಂಡೇ. ಅವರಿಗೆ ಅಂತರವು ಅಂತರವಾಗಿಯೇ ಸಿಗಬೇಕು. ಮಣಿಗಳು ಜಾರದಂತೆ ಪ್ರತಿ ಅಕ್ಷರದ ಎರಡೂ ತುದಿಗಳನ್ನು ಸರಪಳಿಗೆ ಬೆಸುಗೆ ಹಾಕಿಸಿ. ಒಂದು ಗುಂಡು ಪಕ್ಕದ ಅಕ್ಷರಕ್ಕೆ ಸರಿದರೂ ಪದ ಬದಲಾಗುತ್ತದೆ.

ನಾನು ದಾವಣಗೆರೆಯ ಹಳೆಯ ಪೇಟೆಯಲ್ಲಿ ಅಕ್ಕಸಾಲಿಯ ಮಗಳಾಗಿ ಬೆಳೆದವಳು. ನಮ್ಮ ತಂದೆ ಗುಂಡುಗಳನ್ನು ಪೋಣಿಸುವ ಮೊದಲು, ಉದ್ದಕ್ಕೆ ಕಾಲುವೆ ಕೊರೆದ ಒಂದು ಮರದ ಹಲಗೆಯ ಮೇಲೆ ಸಾಲಾಗಿ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಎಲ್ಲಿಯಾದರೂ ಸಂದು ಕಂಡರೆ ಚಿಮಟದ ತುದಿಯಿಂದ ಸರಿಸಿ ಮುಚ್ಚುತ್ತಿದ್ದರು. ಒಳ್ಳೆಯ ಅಕ್ಕಸಾಲಿಯ ಕಣ್ಣೇ ಹಾಗೆ, ಸಮನಾಗಿರುವುದೇ ಅದಕ್ಕೆ ಅಂದ. ಹಿಂದೊಮ್ಮೆ ನಾನು ಪರಿಚಿತರಿಗಾಗಿ ಬರೆದುಕೊಟ್ಟ ಇಂತಹುದೇ ಒಂದು ಸರದಲ್ಲಿ ಕೆಲಸಗಾರರು ಅಂತರಗಳನ್ನು ತಪ್ಪೆಂದು ತಿಳಿದು, ಬಹಳ ಪ್ರೀತಿಯಿಂದ ‘ಸರಿಪಡಿಸಿ’ ಕೊಟ್ಟರು. ಅದನ್ನು ಬಿಚ್ಚಿ ಮತ್ತೆ ಮಾಡಿಸಬೇಕಾಯಿತು. ಆದ್ದರಿಂದ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಲೆಕ್ಕದ ಚೌಕಳಿ ಹಾಳೆಯ ಮೇಲೆ ನಿಜವಾದ ಅಳತೆಯಲ್ಲಿಯೇ ಚಿತ್ರ ಬರೆದು, ಅಂತರಗಳನ್ನು ಕೆಂಪು ಶಾಯಿಯಲ್ಲಿ ತೋರಿಸಿ, ‘ಈ ಜಾಗ ಖಾಲಿಯೇ ಇರಬೇಕು, ಇದರಲ್ಲಿ ಅರ್ಥವಿದೆ’ ಎಂದು ಪಕ್ಕದಲ್ಲಿ ಬರೆಯಿರಿ. ಚುಕ್ಕೆ ಗೆರೆಗಳನ್ನು ಮೊಬೈಲಿನಲ್ಲಿ ಟೈಪ್ ಮಾಡಿಯೂ ಕಳುಹಿಸಬೇಡಿ. ಎಷ್ಟೋ ಫೋನುಗಳು ಪಕ್ಕಪಕ್ಕದ ಎರಡು ಅಡ್ಡಗೆರೆಗಳನ್ನು ತಾವಾಗಿಯೇ ಒಂದು ಉದ್ದ ಗೆರೆಯಾಗಿ ಮಾಡಿಬಿಡುತ್ತವೆ.

ದಿಕ್ಕಿನ ಪ್ರಶ್ನೆಯೂ ಒಂದಿದೆ. ಎದುರಿಗೆ ನಿಂತು ನೋಡುವವರ ಎಡಗಡೆಯು ಧರಿಸಿದವರ ಬಲಗಡೆಯಾಗಿರುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ನೋಡುವವರ ಎಡದಿಂದ ಪೋಣಿಸುತ್ತಾರೆ. ನಿಮ್ಮ ಸರ ಧರಿಸಿದವರ ಎಡದಿಂದ ಆರಂಭವಾಗಲಿ. ಈ ಮಾತು ಊರಿಗೆ ತೋರಿಸಲಿಕ್ಕೆಂದು ಇರುವುದಲ್ಲ. ಆರಂಭದ ತುದಿಗೆ ತುಸು ದೂರದಲ್ಲಿ ಒಂದು ಚೌಕನೆಯ ಮಣಿಯನ್ನು ಗುರುತಿಗಾಗಿ ಇಡಿಸಿ. ಇಲ್ಲವಾದರೆ ಸರ ಅದಲು ಬದಲಾದ ದಿನ ‘ಬಂದೆ’ ಎಂಬುದು ಇ, ಯು, ಎ, ಎನ್, ವಿ ಎಂಬ ಐದು ಅಕ್ಷರಗಳಾಗಿ ಉಳಿಯುತ್ತದೆ.

ಉಂಗುರವನ್ನು ದಯವಿಟ್ಟು ಕರಗಿಸಬೇಡಿ. ನಿಮ್ಮ ತಂದೆ ಬೆರಳಲ್ಲಿಟ್ಟು ಸವೆಸಿದ ಉಂಗುರ ಅದು. ಆ ಸವೆತ ಮೂಸೆಯಲ್ಲಿ ಉಳಿಯುವುದಿಲ್ಲ. ಗುಂಡುಗಳಿಗೆ ಹೆಚ್ಚು ಚಿನ್ನವೂ ಬೇಕಾಗುವುದಿಲ್ಲ, 3 ಮಿಲಿಮೀಟರ್‌ನ 22 ಕ್ಯಾರಟ್ ಗಟ್ಟಿ ಗುಂಡು ಸುಮಾರು ಕಾಲು ಗ್ರಾಂ ತೂಗುತ್ತದೆ. ಟೊಳ್ಳು ಗುಂಡುಗಳಿಗೆ ಒಳಗೆ ಅರಗು ತುಂಬಿದ್ದರೆ ಚಿನ್ನದ ತೂಕವನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿಕೊಳ್ಳಿ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಅಂಕಿ ಅಕ್ಷರಗಳು ಬೆರೆತ ಆರು ಸ್ಥಾನದ ಗುರುತು ಸಂಖ್ಯೆ ಇರಲೇಬೇಕು. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಮಾತ್ರ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಕೈಯಲ್ಲಿ ಹಣ ಬಿಗಿಯಾಗಿದ್ದರೆ ಬೆಳ್ಳಿಯಲ್ಲಿ ಮಾಡಿಸಿ, ಕಪ್ಪಾದಾಗ ಉಜ್ಜಿಸಿಕೊಳ್ಳಬಹುದು. ಚಿನ್ನದ ನೀರು ಹಾಕಿದ ಒಡವೆ ಮಾತ್ರ ಇದಕ್ಕೆ ಹೊಂದುವುದಿಲ್ಲ, ಏಕೆಂದರೆ ಬೆರಳು ದಿನವೂ ಓಡಾಡುವ ಜಾಗದಲ್ಲಿಯೇ ಲೇಪ ಮೊದಲು ಹೋಗುತ್ತದೆ.

ಹೇಳಿ ಕೊಡಬೇಕೆ ಎಂದು ಕೇಳಿದ್ದೀರಿ. ಖಂಡಿತವಾಗಿ ಹೇಳಿಯೇ ಕೊಡಿ. ನಿಮ್ಮದೇ ಜಿಲ್ಲೆಯ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಶಾಸನವೆಲ್ಲವೂ ಬ್ರಾಹ್ಮಿ ಲಿಪಿಯಲ್ಲಿದೆ. ಆದರೆ ಅದನ್ನು ಬರೆದ ಚಪಡ ಎಂಬ ಲಿಪಿಕಾರನು ತನ್ನ ಹೆಸರಿನ ಮುಂದೆ ‘ಲಿಪಿಕರೇಣ’ ಎಂಬ ಒಂದೇ ಒಂದು ಪದವನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಅಂದು ಆ ಬಂಡೆಯ ಮುಂದೆ ನಿಂತ ಈ ಸೀಮೆಯ ಜನರಿಗೆ ಆ ಪದ ಗೀರುಗಳ ಹಾಗೆಯೇ ಕಂಡಿರಬೇಕು. ಎರಡು ಸಾವಿರ ವರ್ಷ ಕಳೆದ ಮೇಲೂ ಅದನ್ನು ಓದಲು ಸಾಧ್ಯವಾದದ್ದು ಆ ಲಿಪಿಯನ್ನು ಬಿಡಿಸುವ ದಾರಿ ಬೇರೆ ಕಡೆ ಉಳಿದುಬಂದಿದ್ದರಿಂದ. ನಿಮ್ಮ ಸರಕ್ಕೂ ಅಂತಹ ದಾರಿಯನ್ನು ನೀವೇ ಉಳಿಸಬೇಕು. ನಮ್ಮ ದೇಶದಲ್ಲಿ ಟೆಲಿಗ್ರಾಂ ಸೇವೆಯೇ 2013ರ ಜುಲೈನಲ್ಲಿ ನಿಂತುಹೋಯಿತು. ಮೋರ್ಸ್ ಕೀಲಿಯನ್ನು ಒತ್ತಿದ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಡೈರಿಯ ಪುಟದ ನಕಲನ್ನೂ, ಯಾವ ತುದಿಯಿಂದ ಓದಬೇಕು, ಯಾರು ಯಾರಿಗೆ ಹೇಳುತ್ತಿದ್ದ ಮಾತು ಎಂಬ ನಾಲ್ಕು ಸಾಲಿನ ಕನ್ನಡ ಬರಹವನ್ನೂ ಒಡವೆಯ ಡಬ್ಬಿಯಲ್ಲಿಯೇ ಇಡಿ. ನಿಮ್ಮ ಅಣ್ಣನ ಮಕ್ಕಳ ಕೈಗೆ ಈ ಸರ ಹೋದಾಗ ಅವರು ಅದನ್ನು ಬರಿಯ ಗ್ರಾಂಗಳಲ್ಲಿ ತೂಗದಿರಲಿ ಎಂಬುದೇ ನನ್ನ ಕಾಳಜಿ.

ತಾಯಿಗೆ ಮೋರ್ಸ್ ಬರುವುದಿಲ್ಲವಲ್ಲ ಎಂದು ಚಿಂತಿಸಬೇಡಿ. ಮೋರ್ಸ್ ಮೊದಲಿಗೆ ಕಾಗದದ ಪಟ್ಟಿಯ ಮೇಲೆ ಗುರುತು ಮೂಡಿಸುವ ಏರ್ಪಾಡಾಗಿತ್ತು. ಯಂತ್ರದ ಸದ್ದನ್ನು ಕೇಳಿಯೇ ಓದಬಹುದೆಂದು ಕೆಲಸ ಮಾಡುವವರು ಬೇಗನೆ ಕಂಡುಕೊಂಡರು. ತಂತಿ ಕಚೇರಿಯ ಸೌಂಡರ್ ಎಂಬ ಯಂತ್ರದಲ್ಲಿ ಸನ್ನೆಕೋಲಿನಂತಹ ತುಂಡು ಕೆಳಗೆ ಬಿದ್ದಾಗ ಒಂದು ಸದ್ದು, ಮೇಲೆ ಹೋದಾಗ ಇನ್ನೊಂದು ಸದ್ದು. ಎರಡು ಸದ್ದುಗಳ ನಡುವಿನ ಕಾಲ ಗಿಡ್ಡವಾಗಿದ್ದರೆ ಚುಕ್ಕೆ, ಉದ್ದವಾಗಿದ್ದರೆ ಗೆರೆ. ನಿಮ್ಮ ತಂದೆ ಬಾಗಿಲು ತಟ್ಟದೆ ಚಿಲಕವನ್ನೇ ಆರಿಸಿಕೊಂಡದ್ದರ ಕಾರಣ ಇದೇ ಇರಬೇಕು: ಬಾಗಿಲಿನ ಬಡಿತಕ್ಕೆ ಉದ್ದ ಗಿಡ್ಡವಿಲ್ಲ, ಎತ್ತಿ ಇಳಿಸುವ ಚಿಲಕಕ್ಕೆ ಇದೆ. ಅಷ್ಟು ವರ್ಷ ಅದನ್ನು ಕೇಳಿ ಎದ್ದು ಬಾಗಿಲು ತೆಗೆದವರಿಗೆ ಒಂದೊಂದು ಅಕ್ಷರ ತಿಳಿಯದಿರಬಹುದು, ಪದ ತಿಳಿದಿದೆ.

ಒಂದು ಎಚ್ಚರಿಕೆಯನ್ನು ಮಾತ್ರ ಮನಸ್ಸಿಟ್ಟು ಹೇಳುತ್ತೇನೆ. ಕೊಡುವ ದಿನ ಚಿಲಕವನ್ನು ನೀವು ಬಡಿಯಬೇಡಿ. ಅಚ್ಚರಿಪಡಿಸುವ ಆಸೆ ಹುಟ್ಟುವುದು ಸಹಜ. ಆದರೆ ಬರಲಾಗದವರ ‘ಬಂದೆ’ ಬಾಗಿಲಲ್ಲಿ ಕೇಳಿದರೆ ಆ ಜೀವ ಅದನ್ನು ಹೇಗೆ ತಾಳಿಕೊಳ್ಳಬೇಕು? ನೆಂಟರು ಸೇರಿದ ಹೊತ್ತಿನಲ್ಲಿಯೂ ಕೊಡಬೇಡಿ. ಮನೆಯಲ್ಲಿ ಗಲಾಟೆಯಿಲ್ಲದ ಒಂದು ಸಂಜೆ ಪಕ್ಕದಲ್ಲಿ ಕುಳಿತು ಸರವನ್ನು ಅವರ ಕೈಗೆ ಕೊಟ್ಟು, ‘ಅವ್ವಾ, ಅಪ್ಪಾಜಿ ಚಿಲಕದ ಮೇಲೆ ಬಡಿಯುತ್ತಿದ್ದ ಮಾತು ಇದರಲ್ಲಿದೆ’ ಎಂದಷ್ಟೇ ಹೇಳಿ, ಅವರ ಬೆರಳನ್ನು ಚೌಕನೆಯ ಮಣಿಯ ಮೇಲೆ ಇಡಿ.

ಪ್ರಶ್ನೆ: ಮುಂದಿನ ತಿಂಗಳು ನನ್ನ ನಿಶ್ಚಿತಾರ್ಥ. ಹುಡುಗಿಗೆ ಕೊಡುವ ಉಂಗುರದ ಒಳಮೈಯಲ್ಲಿ ಮೋರ್ಸ್ ಸಂಕೇತದಲ್ಲಿ 88 ಎಂದು ಕೊರೆಸಬೇಕೆಂದಿದ್ದೇನೆ. ತಂತಿಯವರ ಭಾಷೆಯಲ್ಲಿ ಅದಕ್ಕೆ ಒಲವು, ಚುಂಬನಗಳು ಎಂಬ ಅರ್ಥವಿದೆಯಂತೆ. ಅವಳಾಗಿಯೇ ಕಂಡುಹಿಡಿಯುವವರೆಗೆ ಹೇಳಬಾರದೆಂದು ಅಂದುಕೊಂಡಿದ್ದೇನೆ. ಇದು ಸರಿಯೆ?
ಓದುಗರು, ದಾವಣಗೆರೆ

ಉತ್ತರ: ಅರ್ಥ ಸರಿಯಾಗಿಯೇ ಇದೆ, ಹ್ಯಾಮ್ ರೇಡಿಯೊ ಹವ್ಯಾಸಿಗಳು ಇಂದಿಗೂ ಪ್ರೀತಿಪಾತ್ರರಿಗೆ 88 ಎಂದೂ, ಉಳಿದವರಿಗೆ ಶುಭಾಶಯವಾಗಿ 73 ಎಂದೂ ಹೇಳಿ ಮಾತು ಮುಗಿಸುತ್ತಾರೆ. 8 ಎಂದರೆ ಮೂರು ಗೆರೆ, ಎರಡು ಚುಕ್ಕೆ. ಆದರೆ ಉಂಗುರಕ್ಕೆ ಎಡ ಬಲಗಳಿಲ್ಲ. ತಿರುವಿ ಹಿಡಿದು ಓದಿದರೆ ನಿಮ್ಮ 88 ಎಂಬುದು 22 ಆಗುತ್ತದೆ. 73ಕ್ಕೆ ಈ ತೊಂದರೆಯಿಲ್ಲ, ಎರಡೂ ಕಡೆಯಿಂದ ಅದು 73 ಆಗಿಯೇ ಓದಿಸಿಕೊಳ್ಳುತ್ತದೆ. ಆದರೆ ಕೈಹಿಡಿಯುವವಳಿಗೆ ಹೇಳುವ ಮಾತು ಅದಲ್ಲ. ಆದ್ದರಿಂದ 88 ಅನ್ನೇ ಇಟ್ಟುಕೊಂಡು ಆರಂಭಕ್ಕೆ ಒಂದು ಸಣ್ಣ ಗುರುತು ಮಾಡಿಸಿ.

ಅಳತೆಯನ್ನು ಹೀಗೆ ಲೆಕ್ಕ ಹಾಕಿ. ಒಳಗಿನ ಅಡ್ಡಳತೆ 16 ಮಿಲಿಮೀಟರ್ ಇರುವ ಉಂಗುರದ ಒಳಸುತ್ತು ಸುಮಾರು 50 ಮಿಲಿಮೀಟರ್. ಒಂದು ಚುಕ್ಕೆಯನ್ನು ಒಂದು ಪಾಲೆಂದು ಹಿಡಿದರೆ, ಒಳಗಿನ ಸಂದುಗಳೂ ಸೇರಿ 88ಕ್ಕೆ 33 ಪಾಲು ಬೇಕು. ಕೊನೆಗೂ ಆರಂಭಕ್ಕೂ ನಡುವೆ 7 ಪಾಲು ಖಾಲಿ ಬಿಟ್ಟರೆ ಒಟ್ಟು 40. ಒಂದು ಪಾಲಿಗೆ 1.25 ಮಿಲಿಮೀಟರ್ ಸಿಗುತ್ತದೆ, ಲೇಸರ್ ಕೊರೆತಕ್ಕೆ ಅದು ಧಾರಾಳ. ಆ ಖಾಲಿ ಜಾಗದಲ್ಲಿ ಹಾಲ್‌ಮಾರ್ಕ್ ಗುರುತುಗಳು ಕೂರುವಂತೆ ಮೊದಲೇ ಹೇಳಿ, ಇಲ್ಲವಾದರೆ ಅವು ಸಂಕೇತದ ಮೇಲೆಯೇ ಬಂದಾವು. ಮುಂದೆ ಬೆರಳು ದಪ್ಪವಾಗಿ ಉಂಗುರವನ್ನು ಕತ್ತರಿಸಿ ಹಿಗ್ಗಿಸುವ ಸಂದರ್ಭ ಬಂದರೂ ಅಲ್ಲಿಯೇ ಕತ್ತರಿಸಿ ಬೆಸೆಯಬೇಕು.

ಹೇಳದೆ ಇಡುವ ಆಲೋಚನೆಯನ್ನು ಕೈಬಿಡಿ. ಅವರು ಒಳಗಿನ ಗೀರುಗಳನ್ನು ವಿನ್ಯಾಸವೆಂದೋ ಅಂಗಡಿಯ ಗುರುತೆಂದೋ ತಿಳಿದು ವರ್ಷಗಟ್ಟಲೆ ಸುಮ್ಮನಿದ್ದರೆ, ನಿಮಗೆ ಒಳಗೊಳಗೆ ಬೇಸರವಾಗುತ್ತಾ ಹೋಗುತ್ತದೆ, ಅವರಿಗೆ ತಾವು ಯಾವ ತಪ್ಪು ಮಾಡಿದ್ದೇವೆಂಬುದೇ ತಿಳಿಯುವುದಿಲ್ಲ. ಮದುವೆಯ ಹೊಸ್ತಿಲಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ಪರೀಕ್ಷೆಯೊಂದನ್ನು ಇಡುವುದು ನನಗೆ ಸರಿಕಾಣುವುದಿಲ್ಲ. ಶಾಸ್ತ್ರ ಮುಗಿದು ಇಬ್ಬರಿಗೂ ಐದು ನಿಮಿಷ ಬಿಡುವು ಸಿಕ್ಕಾಗ ಉಂಗುರವನ್ನು ತೆಗೆಸಿ, ಒಳಮೈಯನ್ನು ಬೆಳಕಿಗೆ ಹಿಡಿದು ನೀವೇ ಓದಿ ಹೇಳಿ. ಹೊರಗಿನವರಿಗೆ ಅದು ಹೇಗಿದ್ದರೂ ಗುಟ್ಟಾಗಿಯೇ ಇರುತ್ತದೆ.

ಪ್ರಶ್ನೆ: ಮಗ ಆನ್‌ಲೈನಿನಲ್ಲಿ ತರಿಸಿಕೊಟ್ಟಿದ್ದ ಕೈಸರದಲ್ಲಿ ಮೋರ್ಸ್‌ನಲ್ಲಿ ‘ಅಮ್ಮ’ ಎಂದು ಪೋಣಿಸಿತ್ತು. ಎಲಾಸ್ಟಿಕ್ ದಾರ ಹರಿದು ಮಣಿಗಳು ಚೆಲ್ಲಿಹೋದವು. ಆರು ಉದ್ದ ಮಣಿ, ಎರಡು ಗುಂಡು ಮಣಿ ಸಿಕ್ಕಿವೆ. ಜೊತೆಗಿದ್ದ ಕಾರ್ಡು ಕಳೆದಿದೆ. ಯಾವ ಕ್ರಮದಲ್ಲಿ ಪೋಣಿಸಬೇಕು?
ಓದುಗರು, ಚಳ್ಳಕೆರೆ

ಉತ್ತರ: ನಿಮ್ಮ ಮಣಿಗಳು ಒಂದೂ ಕಳೆದಿಲ್ಲ. ಎ, ಎಂ, ಎಂ, ಎ ಎಂಬ ನಾಲ್ಕು ಅಕ್ಷರಗಳಿಗೆ ಬೇಕಾದುದು ಆರು ಉದ್ದ ಮಣಿ ಮತ್ತು ಎರಡು ಗುಂಡು ಮಣಿ ಮಾತ್ರ. ಮೊದಲು ಒಂದು ಗುಂಡು, ಒಂದು ಉದ್ದ. ಆಮೇಲೆ ಎರಡು ಉದ್ದ. ಮತ್ತೆ ಎರಡು ಉದ್ದ. ಕೊನೆಗೆ ಒಂದು ಗುಂಡು, ಒಂದು ಉದ್ದ. ಎರಡು ಗುಂಡುಗಳನ್ನು ಎರಡು ತುದಿಗೆ ಇಟ್ಟರೆ ನೋಡಲು ಸರಿಸಮನಾಗಿ ಕಾಣುತ್ತದೆ, ಕೈಯೂ ತಾನಾಗಿ ಹಾಗೆಯೇ ಪೋಣಿಸುತ್ತದೆ. ಆದರೆ ಆಗ ಕೊನೆಯ ಅಕ್ಷರ ಎ ಆಗದೆ ಎನ್ ಆಗುತ್ತದೆ. ಕೊನೆಯ ಗುಂಡು ತುದಿಯಿಂದ ಎರಡನೆಯದಾಗಿರಬೇಕು ಎಂಬುದನ್ನು ನೆನಪಿಡಿ. ಎಲಾಸ್ಟಿಕ್ ಬೇಡ, ಕರಿಮಣಿ ಸರ ಪೋಣಿಸಿಕೊಡುವವರ ಬಳಿ ಗಟ್ಟಿಯಾದ ರೇಷ್ಮೆ ದಾರದಲ್ಲಿ, ಪ್ರತಿ ಅಕ್ಷರದ ನಂತರ ಎರಡೆರಡು ಗಂಟು ಹಾಕಿಸಿ ಪೋಣಿಸಿಕೊಳ್ಳಿ. ಅವರು ದಾರದ ಬಾಲವನ್ನು ಕತ್ತರಿಸುವ ಮೊದಲು ಅಲ್ಲಿಯೇ ನಿಂತು ಒಮ್ಮೆ ಎಣಿಸಿ ನೋಡಿ, ಮಗನಿಗೆ ಒಂದು ಫೋಟೊ ಕಳುಹಿಸಿ.